ಅಕ್ಷರವೂ ಅರ್ಥವೂ: ಎಳೆಯ ಮಕ್ಕಳ ಭಾಷಾವಿಕಾಸ ಮತ್ತು ಓದುಬರಹದ ಕಲಿಕೆ

ಮಗುವಿನ ಬೆರಳನ್ನು ಹಿಡಿದು, ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ಬರೆಯಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಕಾಲದಿಂದ ನಡೆದುಬಂದಿದೆ. ಸಿರುಗುಪ್ಪದಂಥ ಭತ್ತದ ಸೀಮೆಯಲ್ಲಂತೂ ಅನ್ನಕ್ಕೂ ಅಕ್ಷರಕ್ಕೂ ಇರುವ ಈ ಸಂಬಂಧವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಅಕ್ಕಿಯಲ್ಲಿ ಮೂಡಿದ ಆ ಒಂದು ಅಕ್ಷರದಿಂದ ಹೊರಟ ಮಗು, ಒಂದು ಪುಟವನ್ನು ತಾನೇ ಓದಿ, ಅದರ ಅರ್ಥವನ್ನು ತಾನೇ ತಿಳಿದು, ತನ್ನ ಮನಸ್ಸಿನ ಮಾತನ್ನು ತಾನೇ ಬರೆಯುವ ಹಂತವನ್ನು ಮುಟ್ಟುವವರೆಗಿನ ದಾರಿ ಎಷ್ಟು ದೀರ್ಘವಾದುದು, ಅದರಲ್ಲಿ ಎಲ್ಲಿ ಏರು, ಎಲ್ಲಿ ತಿರುವು ಎಂಬುದನ್ನು ಶಾಸ್ತ್ರೀಯವಾಗಿ ಅರಿಯುವ ಪ್ರಯತ್ನ ನಡೆದದ್ದು ತೀರ ಈಚೆಗೆ. ಈ ಅರಿವಿಲ್ಲದ ಕಾರಣದಿಂದ ಎಷ್ಟೋ ಮಕ್ಕಳು ಒಂದನೆಯ ಅಥವಾ ಎರಡನೆಯ ತರಗತಿಯಲ್ಲಿಯೇ ‘ದಡ್ಡ’ ಎಂಬ ಹೆಸರನ್ನು ಹೊತ್ತು, ಆ ಹೆಸರಿನ ಭಾರದಲ್ಲಿಯೇ ಶಾಲೆಯಿಂದ ದೂರವಾಗಿದ್ದಾರೆ. ಮಗುವಿನ ಬುದ್ಧಿಯಲ್ಲಿಲ್ಲದ ದೋಷವನ್ನು ಮಗುವಿನ ಮೇಲೆ ಹೊರಿಸಿದಂತಾಗಿದೆ. ಆದ್ದರಿಂದ ಎಳೆಯ ಮಕ್ಕಳು ಮಾತನ್ನೂ ಓದನ್ನೂ ಹೇಗೆ ಗಳಿಸುತ್ತಾರೆ ಎಂಬುದರ ಬಗೆಗೆ ವಿದ್ವಾಂಸರು ಕಂಡುಕೊಂಡಿರುವ ಸಂಗತಿಗಳನ್ನು ಬಳ್ಳಾರಿ ಸೀಮೆಯ ಶಿಕ್ಷಕರೂ ಪೋಷಕರೂ ವಿದ್ಯಾಭಿಮಾನಿಗಳೂ ಅರಿಯುವುದು ಅವಶ್ಯಕವಾಗಿದೆ.

ಇನ್ನೂರು ವರ್ಷಗಳ ಹಿಂದಿನ ಒಂದು ವರದಿ

ಈ ವಿಚಾರದಲ್ಲಿ ಬಳ್ಳಾರಿಗೆ ಒಂದು ವಿಶೇಷ ಸ್ಥಾನವಿದೆ. ಹಿಂದೆ ಈ ಸೀಮೆಯ ಆಡಳಿತವನ್ನು ಸ್ವತಃ ನಡೆಸಿದ್ದ ಸರ್ ಥಾಮಸ್ ಮನ್ರೋ ಮದರಾಸಿನ ಗವರ್ನರನಾದ ಮೇಲೆ, 1822ರಲ್ಲಿ ತನ್ನ ಅಧೀನದ ಜಿಲ್ಲೆಗಳಲ್ಲಿರುವ ದೇಶೀಯ ಶಾಲೆಗಳ ವಿವರವನ್ನು ಕಳುಹಿಸುವಂತೆ ಎಲ್ಲ ಕಲೆಕ್ಟರುಗಳಿಗೂ ಆಜ್ಞೆ ಮಾಡಿದನು. ಅನೇಕರು ಬರಿಯ ಅಂಕಿಸಂಖ್ಯೆಗಳನ್ನು ಕಳುಹಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ಲನು ಹಾಗೆ ಮಾಡಲಿಲ್ಲ. ತೆಲುಗು ವ್ಯಾಕರಣವೊಂದನ್ನು ರಚಿಸಿದ್ದ ಈ ಭಾಷಾಭ್ಯಾಸಿ 1823ರ ಆಗಸ್ಟ್ ತಿಂಗಳಿನಲ್ಲಿ ಕಳುಹಿಸಿದ ವರದಿ, ಅಂದಿನ ಶಾಲೆಗಳ ಒಳಗಿನ ಬದುಕನ್ನೇ ಕಣ್ಣ ಮುಂದೆ ನಿಲ್ಲಿಸುವಂತಹುದು.

ಆಗ ಅನಂತಪುರವೂ ಸೇರಿಕೊಂಡಿದ್ದ ವಿಶಾಲವಾದ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ವಿದ್ಯಾರ್ಥಿಗಳು 6,641. ಎಂದರೆ ಒಂದೊಂದು ಶಾಲೆಗೆ ಹನ್ನೆರಡು ಮಕ್ಕಳು, ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ. ಇವರೆಲ್ಲರಲ್ಲಿ ಹೆಣ್ಣುಮಕ್ಕಳು ಕೇವಲ 60. ಭಾಷೆಯ ದೃಷ್ಟಿಯಿಂದ ನೋಡಿದರೆ ಕನ್ನಡ ಕಲಿಸುವ ಶಾಲೆಗಳು 235, ತೆಲುಗು ಕಲಿಸುವವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದು. ಉಳಿದ 23 ಬ್ರಾಹ್ಮಣರು ಮಾತ್ರ ಅಧ್ಯಯನ ಮಾಡುತ್ತಿದ್ದ ಪಾಠಶಾಲೆಗಳು. ಬಳ್ಳಾರಿ ಅಂದೂ ಹಲವು ನುಡಿಗಳ ಸಂತೆಯೇ ಆಗಿದ್ದಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಗುವಿಗೆ ಐದು ವರ್ಷ ತುಂಬಿದಾಗ ಪೂಜೆ ಮಾಡಿಸಿ ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುತ್ತಿದ್ದುದನ್ನೂ, ಬಳಿಕ ಶಾಲೆಯಲ್ಲಿ ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿಸುತ್ತಿದ್ದುದನ್ನೂ ಕ್ಯಾಂಪ್‌ಬೆಲ್ಲನು ವರ್ಣಿಸಿದ್ದಾನೆ. ಮುಂದುವರಿದ ಹುಡುಗರಿಂದ ಹಿಂದುಳಿದ ಹುಡುಗರಿಗೆ ಪಾಠ ಹೇಳಿಸುವ ಕ್ರಮವನ್ನು ಅವನು ಮನಸಾರೆ ಮೆಚ್ಚಿಕೊಂಡಿದ್ದಾನೆ. ಆದರೆ ಅವನು ಕಂಡ ಒಂದು ದೊಡ್ಡ ಕೊರತೆಯೆಂದರೆ, ಓದಿಸುತ್ತಿದ್ದ ಗ್ರಂಥಗಳ ಭಾಷೆಗೂ ಮಕ್ಕಳು ಆಡುವ ಭಾಷೆಗೂ ಸಂಬಂಧವೇ ಇರಲಿಲ್ಲ. ಹುಡುಗರು ಪದ್ಯಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು, ಆದರೆ ಅವುಗಳ ಅರ್ಥವನ್ನು ಪಂಜರದ ಗಿಳಿಗಿಂತ ಹೆಚ್ಚಾಗಿ ಅರಿಯುತ್ತಿರಲಿಲ್ಲ ಎಂಬುದು ಅವನ ಅಭಿಪ್ರಾಯದ ಸಾರಾಂಶ. ಶಾಲೆಗಳು ಕ್ಷೀಣಿಸಲು ಬಡತನವೇ ಮುಖ್ಯ ಕಾರಣವೆಂದೂ, ವಿದೇಶೀ ಬಟ್ಟೆಯಿಂದ ಇಲ್ಲಿಯ ನೇಯ್ಗೆಯ ಕಸುಬು ಕೆಟ್ಟಿತೆಂದೂ, ದುಡಿಯುವವರ ಮಕ್ಕಳು ಕೈಕಾಲು ಸ್ವಲ್ಪ ಬಲಿಯುತ್ತಲೇ ಕೆಲಸಕ್ಕೆ ಇಳಿಯಬೇಕಾಗಿದ್ದಿತೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆದನು. ಅಕ್ಷರಕ್ಕೂ ಅರ್ಥಕ್ಕೂ ನಡುವಿನ ಅಂತರ ಒಂದು, ಶಾಲೆಗೂ ಬಡತನಕ್ಕೂ ನಡುವಿನ ಸಂಘರ್ಷ ಇನ್ನೊಂದು. ಇವೆರಡು ಪ್ರಶ್ನೆಗಳು ಇಂದಿಗೂ ಹಳೆಯವಾಗಿಲ್ಲ.

ಮಾತು ಮೊದಲು, ಅಕ್ಷರ ಅನಂತರ

ಓದಿನ ಬೇರು ಇರುವುದು ಶಾಲೆಯಲ್ಲಲ್ಲ, ತೊಟ್ಟಿಲಿನಲ್ಲಿ. ಹುಟ್ಟಿದ ಕೆಲವೇ ದಿನಗಳ ಕೂಸು ತನ್ನ ತಾಯಿಯ ದನಿಯನ್ನು ಇತರ ಹೆಂಗಸರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲುದೆಂದು 1980ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳು ತೋರಿಸಿದವು. 1984ರಲ್ಲಿ ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆ ಭಾರತೀಯರಿಗೆ ಇನ್ನೂ ಸ್ವಾರಸ್ಯಕರವಾದುದು. ಇಂಗ್ಲಿಷ್ ಮನೆಮಾತಿನ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದಾಗ, ಆರರಿಂದ ಎಂಟು ತಿಂಗಳಿನ ಶಿಶುಗಳು ಆ ವ್ಯತ್ಯಾಸವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುತೇಕ ಮಾಯವಾಗಿದ್ದಿತು. ತನ್ನ ಸುತ್ತಲಿನ ಭಾಷೆಗೆ ಬೇಕಾದ ಧ್ವನಿಗಳನ್ನು ಉಳಿಸಿಕೊಂಡು ಬೇಡವಾದುದನ್ನು ಬಿಟ್ಟುಬಿಡುವ ಈ ಆಯ್ಕೆಯನ್ನು ಮಗು ತನ್ನ ಮೊದಲ ಮಾತನ್ನು ಆಡುವುದಕ್ಕಿಂತ ಮುಂಚೆಯೇ ಮಾಡಿ ಮುಗಿಸಿರುತ್ತದೆ.

ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡನೆಯ ವರ್ಷದಲ್ಲಿ ಎರಡು ಪದಗಳ ಜೋಡಣೆ, ನಾಲ್ಕೈದು ವರ್ಷಗಳಾಗುವಷ್ಟರಲ್ಲಿ ಮನೆಮಾತಿನ ವ್ಯಾಕರಣದ ಬಹುಭಾಗ: ಮಗುವಿನ ಗಳಿಕೆ ಈ ಕ್ರಮದಲ್ಲಿ ಸಾಗುತ್ತದೆ. ಇದು ಕೇವಲ ಅನುಕರಣೆಯಲ್ಲ. ‘ತಂದೆ’ ಎನ್ನುವ ಬದಲಿಗೆ ‘ತರಿದೆ’ ಎಂದೂ, ‘ತಿಂದೆ’ ಎನ್ನುವ ಬದಲಿಗೆ ‘ತಿನ್ನಿದೆ’ ಎಂದೂ ಎಳೆಯ ಮಕ್ಕಳು ಹೇಳುವುದುಂಟು. ಈ ರೂಪಗಳನ್ನು ಯಾವ ಹಿರಿಯರೂ ಅವರಿಗೆ ಕಲಿಸಿಲ್ಲ. ‘ಮಾಡಿದೆ’, ‘ಓಡಿದೆ’, ‘ಆಡಿದೆ’ ಎಂಬ ಮಾತುಗಳನ್ನು ಕೇಳಿ ಮಗು ತಾನೇ ಒಂದು ನಿಯಮವನ್ನು ಕಟ್ಟಿಕೊಂಡು, ಅದನ್ನು ಎಲ್ಲ ಕಡೆಯೂ ಅನ್ವಯಿಸುತ್ತದೆ. ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಹಿಂದೆಂದೂ ಯಾರೂ ಕೇಳದ ಕೃತಕ ಪದಗಳನ್ನು ಮಕ್ಕಳ ಮುಂದಿಟ್ಟು, ಅವರು ಅವಕ್ಕೂ ಸರಿಯಾದ ಬಹುವಚನ ಪ್ರತ್ಯಯವನ್ನು ಹಚ್ಚುತ್ತಾರೆಂದು ತೋರಿಸಿದುದು ಇದೇ ತತ್ತ್ವವನ್ನು. ಮಗು ತಪ್ಪು ಆಡಿದಾಗ ನಗುವ ಹಿರಿಯರು, ಆ ತಪ್ಪಿನೊಳಗೆ ಒಬ್ಬ ಪುಟ್ಟ ವೈಯಾಕರಣಿ ಕುಳಿತಿದ್ದಾನೆ ಎಂಬುದನ್ನು ಮರೆಯಬಾರದು.

ಮಾತಿನ ಈ ಸಂಪತ್ತು ಬೆಳೆಯುವುದು ಮಾತುಕತೆಯಿಂದ. ದೊಡ್ಡವರು ಆಜ್ಞೆ ಮಾಡುವುದರಿಂದ ಬೆಳೆಯುವುದಕ್ಕಿಂತ, ಮಗುವಿನ ಪ್ರಶ್ನೆಗೆ ಉತ್ತರ ಕೊಟ್ಟು, ಮತ್ತೊಂದು ಪ್ರಶ್ನೆಯನ್ನು ಎಬ್ಬಿಸುವುದರಿಂದ ಅದು ಹೆಚ್ಚಾಗಿ ಬೆಳೆಯುತ್ತದೆ. ಈ ಸಂಪತ್ತಿಗೆ ಹಣವೇ ಆಧಾರವೆಂದು ತಿಳಿಯಬಾರದು. ಬಳ್ಳಾರಿ ನಗರದಲ್ಲಿ ಜೀನ್ಸ್ ಉಡುಪು ಹೊಲಿಯುವ ಮನೆಯೊಂದರ ಮಗು ಕತ್ತರಿ, ಕಾಜಾ, ಗುಂಡಿ, ಅಳತೆ, ಅಂಚು ಎಂಬ ಮಾತುಗಳ ನಡುವೆ ಬೆಳೆಯುತ್ತದೆ. ಸಿರುಗುಪ್ಪದ ಕೂಲಿಕಾರರ ಮಗುವಿಗೆ ಮಡಿ, ಸಸಿ, ನಾಟಿ, ಕಾಲುವೆ, ತೂಬು, ರಾಶಿ ಎಂಬ ಮಾತುಗಳು ಪರಿಚಿತ. ಕುರುಗೋಡಿನ ಮಗು ದೊಡ್ಡಬಸವೇಶ್ವರನ ಗುಡಿಯ ಭಾರಿ ನಂದಿಯನ್ನು ಕಂಡು ಅದರ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿರುತ್ತದೆ. ಈ ಮಕ್ಕಳಾರೂ ಭಾಷಾದರಿದ್ರರಲ್ಲ. ಇವರು ತಂದ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬರಲು ಶಾಲೆ ಹೇಳಿದಾಗ ಮಾತ್ರ ಇವರು ದರಿದ್ರರಂತೆ ಕಾಣಿಸುತ್ತಾರೆ.

ಕನ್ನಡ ಲಿಪಿಯ ಸ್ವಭಾವ

ಮಾತಿನಿಂದ ಬರಹಕ್ಕೆ ಬಂದಾಗ ಲಿಪಿಯ ಸ್ವಭಾವವನ್ನು ಗಮನಿಸಬೇಕಾಗುತ್ತದೆ. ಇಂಗ್ಲಿಷ್ ಮಗು 26 ಅಕ್ಷರಗಳನ್ನು ಕಲಿತರೆ ಅಕ್ಷರಗಳ ಕಲಿಕೆ ಮುಗಿದಂತೆ. ಆ ಅಕ್ಷರಗಳು ಬೇರೆ ಬೇರೆ ಪದಗಳಲ್ಲಿ ಬೇರೆ ಬೇರೆಯಾಗಿ ಉಚ್ಚಾರವಾಗುವುದೇ ಅದರ ಕಷ್ಟ. ಕನ್ನಡದ ಕಷ್ಟ ಬೇರೆ ಬಗೆಯದು. ಇಲ್ಲಿ ಬರೆದಂತೆ ಓದಬಹುದು ಎಂಬುದು ಬಹುಮಟ್ಟಿಗೆ ನಿಜ. ಆದರೆ ಕಲಿಯಬೇಕಾದ ರೂಪಗಳು ಬಹಳ.

ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಪ್ರತಿಯೊಂದು ವ್ಯಂಜನಕ್ಕೂ ಸ್ವರಗಳು ಸೇರಿ ಆಗುವ ಗುಣಿತಾಕ್ಷರಗಳನ್ನು ಲೆಕ್ಕ ಹಾಕಿದರೆ 34ನ್ನು 13ರಿಂದ ಗುಣಿಸಿದಾಗ 442 ರೂಪಗಳು ದೊರೆಯುತ್ತವೆ. ಇದರ ಮೇಲೆ ಒತ್ತಕ್ಷರಗಳು. ‘ತ’ಕಾರಕ್ಕೂ ಅದರ ಒತ್ತಿಗೂ, ‘ಮ’ಕಾರಕ್ಕೂ ಅದರ ಒತ್ತಿಗೂ ರೂಪದಲ್ಲಿ ಹೋಲಿಕೆ ಕಡಿಮೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಒಂದರ ಕೆಳಗೆ ಒಂದರಂತೆ ಎರಡು ಒತ್ತುಗಳು ಬರುತ್ತವೆ. ‘ಸೂರ್ಯ’ ಎಂಬ ಪದದಲ್ಲಿ ಮೊದಲು ಉಚ್ಚಾರವಾಗುವ ರಕಾರವನ್ನು ಅರ್ಕಾವತ್ತಾಗಿ ಕೊನೆಯಲ್ಲಿ ಬರೆಯುವ ರೂಢಿಯಿದೆ. ಕಿವಿ ಕೇಳುವ ಕ್ರಮ ಒಂದು, ಕಣ್ಣು ಕಾಣುವ ಕ್ರಮ ಇನ್ನೊಂದು. ‘ಪ’, ‘ಷ’, ‘ವ’, ‘ಮ’ಗಳು ಒಂದನ್ನೊಂದು ಹೋಲುತ್ತವೆ. ‘ದ’, ‘ಧ’, ‘ಥ’ಗಳ ವ್ಯತ್ಯಾಸ ಒಂದು ಗೆರೆ ಅಥವಾ ಒಂದು ಚುಕ್ಕೆ. ಅಲ್ಲದೆ ದಿನನಿತ್ಯದ ಆಡುಮಾತಿನಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಬಹುತೇಕ ಕೇಳಿಸುವುದಿಲ್ಲ. ಮನೆಯಲ್ಲಿ ‘ಬಾರ’ ಎಂದೇ ಕೇಳಿದ ಮಗು ‘ಭಾರ’ ಎಂದು ಬರೆಯಲು ಕಿವಿಯ ನೆರವನ್ನು ಪಡೆಯಲಾರದು. ಅದನ್ನು ಕಣ್ಣಿನ ನೆನಪಿನಿಂದಲೇ ಕಲಿಯಬೇಕು.

ಸಂಶೋಧಕರು ಕಂಡುದೇನು?

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, 1969ರಲ್ಲಿ ಅಲ್ಲಿಯೇ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯೂ ಸ್ಥಾಪಿತವಾದ ಬಳಿಕ ಕನ್ನಡ ಮಕ್ಕಳ ಮಾತು ಮತ್ತು ಓದನ್ನು ಕುರಿತ ಅಧ್ಯಯನಕ್ಕೆ ಒಂದು ನೆಲೆ ದೊರೆಯಿತು. ಅಲ್ಲಿಯವರೆಗೆ ಓದಿನ ಸಿದ್ಧಾಂತಗಳೆಲ್ಲವೂ ಇಂಗ್ಲಿಷ್ ಮಕ್ಕಳನ್ನು ನೋಡಿ ರಚಿತವಾದವುಗಳಾಗಿದ್ದವು.

ಇಂಗ್ಲಿಷ್ ಸಿದ್ಧಾಂತದ ಪ್ರಕಾರ, ಪದವನ್ನು ಅದರ ಬಿಡಿ ಬಿಡಿ ಧ್ವನಿಗಳಾಗಿ ಒಡೆಯುವ ಶಕ್ತಿಯೇ ಓದಿನ ಕೀಲಿಕೈ. ಕನ್ನಡ ಮಕ್ಕಳಲ್ಲಿ ಚಿತ್ರ ಬೇರೆಯಾಗಿ ಕಂಡಿತು. ‘ಕಮಲ’ವನ್ನು ಕ-ಮ-ಲ ಎಂದು ಮೂರು ಅಕ್ಷರಗಳಾಗಿ ಬಿಡಿಸುವುದು ಚಿಕ್ಕ ಮಗುವಿಗೂ ಸುಲಭ. ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ಗುಟ್ಟಿನ ಮಾತನಾಡುವ ‘ಕ’ ಭಾಷೆಯ ಆಟವೇ ಇದಕ್ಕೆ ನಿದರ್ಶನ. ಆದರೆ ‘ಕ’ ಎಂಬುದರೊಳಗೆ ‘ಕ್’ ಮತ್ತು ‘ಅ’ ಎಂಬ ಎರಡು ಧ್ವನಿಗಳಿವೆ ಎಂಬ ಅರಿವು ಬಹಳ ತಡವಾಗಿ, ಶಾಲೆಯಲ್ಲಿ ಹಲವು ವರ್ಷ ಕಳೆದ ಮೇಲೆ ಬರುತ್ತದೆ. ಪ್ರತಿಭಾ ಕಾರಂತ, ಪಿ. ಪ್ರಕಾಶ ಮೊದಲಾದವರ ಅಧ್ಯಯನಗಳು 1990ರ ದಶಕದಲ್ಲಿಯೇ ಈ ಕಡೆಗೆ ಬೆರಳು ತೋರಿದವು.

ಬೆಂಗಳೂರಿನ ಪ್ರಾಮಿಸ್ ಪ್ರತಿಷ್ಠಾನದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಈ ವಿಷಯದಲ್ಲಿ ಒಂದು ಮೈಲಿಗಲ್ಲು. ಕನ್ನಡ ಓದುವ ಮಕ್ಕಳನ್ನು ಪರೀಕ್ಷಿಸಿ ಅವರು ಕಂಡುಕೊಂಡುದೇನೆಂದರೆ, ಅಕ್ಷರಗಳ ಕಲಿಕೆ ಒಂದನೆಯ ತರಗತಿಯಲ್ಲಿ ಮುಗಿಯುವಂತಹುದಲ್ಲ. ಮೂಲಾಕ್ಷರಗಳು ಮೊದಲು ಹಿಡಿತಕ್ಕೆ ಬರುತ್ತವೆ, ಗುಣಿತಾಕ್ಷರಗಳು ಅನಂತರ, ಒತ್ತಕ್ಷರಗಳು ಎಲ್ಲಕ್ಕಿಂತ ಕೊನೆಗೆ. ನಾಲ್ಕನೆಯ ತರಗತಿಯಲ್ಲಿಯೂ ಈ ಕಲಿಕೆ ಮುಂದುವರಿದೇ ಇರುತ್ತದೆ. ಒಂದೇ ವರ್ಷದಲ್ಲಿ ಅಕ್ಷರಜ್ಞಾನ ಮುಗಿಯಬೇಕೆಂಬ ನಿರೀಕ್ಷೆ ಇಂಗ್ಲಿಷಿನಿಂದ ಎರವಲಾಗಿ ಬಂದುದು. ಅದನ್ನು ಕನ್ನಡ ಮಗುವಿನ ಮೇಲೆ ಹೇರುವುದು ನ್ಯಾಯವಲ್ಲ.

ಈ ಒಂದು ಸಂಗತಿಯನ್ನು ಶಾಲೆಗಳು ಮನಗಂಡರೆ ಸಾಕು, ಎಷ್ಟೋ ಮಕ್ಕಳ ಭವಿಷ್ಯ ಬದಲಾಗುತ್ತದೆ. ಎರಡನೆಯ ತರಗತಿಯಲ್ಲಿ ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದುವ ಮಗು ದಡ್ಡನಲ್ಲ. ಅದು ದಾರಿಯ ನಡುವಿನಲ್ಲಿದೆ. ಆದರೆ ಒಂದನೆಯ ತರಗತಿಯಲ್ಲಿ ವರ್ಣಮಾಲೆಯನ್ನೂ ಕಾಗುಣಿತವನ್ನೂ ಮುಗಿಸಿ, ಇನ್ನು ಕಲಿಸುವುದೇನೂ ಇಲ್ಲವೆಂದು ಶಾಲೆ ಕೈತೊಳೆದುಕೊಂಡರೆ, ಆ ಮಗು ದಾರಿಯ ನಡುವಿನಲ್ಲಿಯೇ ಉಳಿದುಬಿಡುತ್ತದೆ. ಹಾಗೆ ಉಳಿದುದರ ಫಲ ಏನೆಂಬುದನ್ನು ಅಮೆರಿಕದ ಟೆಕ್ಸಸ್‌ನಲ್ಲಿ ಕೋನಿ ಜುಯೆಲ್ ಎಂಬ ವಿದುಷಿ 54 ಮಕ್ಕಳನ್ನು ಒಂದನೆಯ ತರಗತಿಯಿಂದ ನಾಲ್ಕನೆಯ ತರಗತಿಯವರೆಗೆ ಅನುಸರಿಸಿ 1988ರಲ್ಲಿ ವರದಿ ಮಾಡಿದರು. ಒಂದನೆಯ ತರಗತಿಯ ಕೊನೆಯಲ್ಲಿ ಓದಿನಲ್ಲಿ ಹಿಂದುಳಿದಿದ್ದ ಮಗು ನಾಲ್ಕನೆಯ ತರಗತಿಯಲ್ಲಿಯೂ ಹಿಂದುಳಿದೇ ಇರುವ ಸಂಭವ ಶೇಕಡ 88ರಷ್ಟಿದ್ದಿತು. ಓದಲಾರದ ಮಗು ಓದನ್ನು ತಪ್ಪಿಸಿಕೊಳ್ಳುತ್ತದೆ, ಓದದಿರುವುದರಿಂದ ಇನ್ನೂ ಹಿಂದೆ ಬೀಳುತ್ತದೆ. ಇದು ವಿಧಿಬರಹವಲ್ಲ. ಸಕಾಲದಲ್ಲಿ ಕೈಹಿಡಿಯುವವರಿಲ್ಲದಿದ್ದಾಗ ಆಗುವ ಅನಾಹುತ.

ಅಕ್ಷರದ ಬೆನ್ನಹಿಂದೆ ಅರ್ಥ

ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬ ವಿಷಯದಲ್ಲಿ ಕರ್ನಾಟಕದಲ್ಲಿ ಒಂದು ಮಹತ್ತ್ವದ ಪ್ರಯೋಗ ನಡೆದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ಆರಂಭವಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಇದರಲ್ಲಿ ಅಕ್ಷರಗಳು ಅ, ಆ, ಇ, ಈ ಎಂಬ ಕ್ರಮದಲ್ಲಿ ಬರುವುದಿಲ್ಲ. ಮೊದಲಿಗೆ ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳು. ಈ ಐದನ್ನೇ ಕಲಿತ ಮಗು ‘ಸರ’, ‘ದರ’, ‘ಅರಸ’, ‘ಅಗಸ’, ‘ದಸರ’, ‘ಗರಗಸ’ ಎಂಬ ಪದಗಳನ್ನು ಓದಬಲ್ಲುದು. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಸ್ವರಗಳು ಮುಗಿದು ವ್ಯಂಜನಗಳು ಬರುವವರೆಗೆ ಮಗುವಿಗೆ ಓದಲು ಅರ್ಥವುಳ್ಳ ಪದಗಳೇ ದುರ್ಲಭ. ಇಲ್ಲಿ ಕೆಲವೇ ದಿನಗಳಲ್ಲಿ ಅಕ್ಷರ ಪದವಾಗುತ್ತದೆ, ಪದ ಕಣ್ಣ ಮುಂದಿನ ವಸ್ತುವಾಗುತ್ತದೆ. ವರ್ಣಮಾಲೆಯ ಶಾಸ್ತ್ರೀಯ ವಿನ್ಯಾಸಕ್ಕೆ ಇದರಿಂದ ಕುಂದಿಲ್ಲ. ಅದು ಭಾಷೆಯನ್ನು ಅರಿತವನು ಮಾಡಿದ ವರ್ಗೀಕರಣ, ಭಾಷೆಯನ್ನು ಅರಿಯಹೊರಟವನ ಮೆಟ್ಟಿಲಲ್ಲ.

ಆದರೆ ಕ್ರಮವನ್ನು ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದೂ ತಿಳಿದುಬಂದಿದೆ. ಬಳ್ಳಾರಿಯಂತೆಯೇ ಕಲ್ಯಾಣ ಕರ್ನಾಟಕಕ್ಕೆ ಸೇರಿದ ಯಾದಗಿರಿ ಜಿಲ್ಲೆಯಲ್ಲಿ ಕನ್ನಡ ಮಕ್ಕಳನ್ನೂ, ಮಹಾರಾಷ್ಟ್ರದ ಪಾಲ್ಘರ್ ಪ್ರದೇಶದಲ್ಲಿ ಮರಾಠಿ ಮಕ್ಕಳನ್ನೂ ಶೈಲಜಾ ಮೆನನ್ ಮತ್ತು ಅವರ ಸಂಗಡಿಗರು ಒಂದನೆಯ ತರಗತಿಯಿಂದ ಮೂರನೆಯ ತರಗತಿಯವರೆಗೆ ಮೂರು ವರ್ಷ ಅನುಸರಿಸಿ ಅಧ್ಯಯನ ಮಾಡಿದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮತ್ತು ಟಾಟಾ ದತ್ತಿಗಳ ಮೂಲಕ 2017ರಲ್ಲಿ ಪ್ರಕಟವಾದ ಆ ವರದಿ ಕಣ್ಣು ತೆರೆಸುವಂತಹುದು. ಮೂರು ವರ್ಷ ಶಾಲೆಯಲ್ಲಿ ಕಳೆದರೂ ಅನೇಕ ಮಕ್ಕಳು ತಮ್ಮ ತರಗತಿಗೆ ತಕ್ಕ ಪಾಠವನ್ನು ತಾವೇ ಓದಿ ತಿಳಿಯಲಾರದವರಾಗಿದ್ದರು. ಮೊದಲು ಅಕ್ಷರ, ಅದು ಪೂರ್ತಿಯಾದ ಮೇಲೆ ಪದ, ಆಮೇಲೆ ವಾಕ್ಯ, ಅರ್ಥ ಎಲ್ಲಕ್ಕೂ ಕೊನೆಗೆ ಎಂಬ ಭಾವನೆ ತರಗತಿಯನ್ನು ಆಳುತ್ತಿದ್ದಿತು. ಅಕ್ಷರವೇ ಪೂರ್ತಿಯಾಗದ ಮಗುವಿಗೆ ಅರ್ಥದ ಸರದಿ ಬರುವುದೇ ಇಲ್ಲ. ಆದ್ದರಿಂದ ಪ್ರತಿದಿನವೂ ನಾಲ್ಕು ಕೆಲಸಗಳು ಜೊತೆಜೊತೆಯಾಗಿ ನಡೆಯಬೇಕೆಂದು ಆ ವಿದ್ವಾಂಸರು ಸೂಚಿಸಿದರು. ಶಿಕ್ಷಕರು ಒಳ್ಳೆಯ ಪುಸ್ತಕವನ್ನು ಗಟ್ಟಿಯಾಗಿ ಓದಿ ಚರ್ಚಿಸುವುದು, ಅಕ್ಷರ ಮತ್ತು ಪದಗಳ ಅಭ್ಯಾಸ, ಮಗು ತನ್ನ ಮಟ್ಟಕ್ಕೆ ತಕ್ಕುದನ್ನು ಮಾರ್ಗದರ್ಶನದೊಡನೆ ಓದುವುದು, ಮತ್ತು ತನ್ನ ಮಾತನ್ನು ತಾನು ಬರೆಯುವುದು. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಬರೆಯುವ ಮನಸ್ಸು ತಪ್ಪಬಾರದು.

1823ರಲ್ಲಿ ಬಳ್ಳಾರಿಯ ಕಲೆಕ್ಟರನು ಎತ್ತಿದ ಆಕ್ಷೇಪಣೆ ಇದೇ ಅಲ್ಲವೆ? ಅಂದು ಪದ್ಯವನ್ನು ಅರ್ಥವಿಲ್ಲದೆ ಒಪ್ಪಿಸುತ್ತಿದ್ದ ಮಗು, ಇಂದು ಪಾಠದ ಪ್ರಶ್ನೋತ್ತರವನ್ನು ಅರ್ಥವಿಲ್ಲದೆ ನಕಲು ಮಾಡುತ್ತದೆ.

ಹಲವು ನುಡಿಗಳ ಮನೆ, ಒಂದು ನುಡಿಯ ಶಾಲೆ

ಬಳ್ಳಾರಿ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿರೇಖೆಯನ್ನು ನಕ್ಷೆಯ ಮೇಲೆ ಎಳೆಯಬಹುದು, ನಾಲಗೆಯ ಮೇಲೆ ಎಳೆಯಲಾಗದು. ಬಳ್ಳಾರಿ ನಗರದಲ್ಲಿಯೂ ಸಿರುಗುಪ್ಪದ ಗಡಿಯ ಹಳ್ಳಿಗಳಲ್ಲಿಯೂ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನೆರೆಮನೆಯಲ್ಲಿ ಉರ್ದು ಎಂಬುದು ಸಹಜ ಸ್ಥಿತಿ. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ಕನ್ನಡವೇ ಮನೆಮಾತಾಗಿದ್ದರೂ ‘ಮನಿ’, ‘ಐತಿ’ ಎನ್ನುವ ಮಗುವಿಗೆ ಪುಸ್ತಕದ ‘ಮನೆ’, ‘ಇದೆ’ ಎಂಬ ರೂಪಗಳು ಸ್ವಲ್ಪ ದೂರದವೇ.

ಎರಡು ಭಾಷೆಗಳು ಮಗುವಿನ ಬುದ್ಧಿಗೆ ಹೊರೆ ಎಂಬ ಭಾವನೆ ಒಂದು ಕಾಲದಲ್ಲಿ ಪ್ರಬಲವಾಗಿದ್ದಿತು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬವರು ನಡೆಸಿದ ಅಧ್ಯಯನ ಆ ಭಾವನೆಯನ್ನು ಅಲುಗಾಡಿಸಿತು. ಒಡಿಶಾದ ಕಂಧ ಸಮುದಾಯದಲ್ಲಿ ಅಜಿತ್ ಮೊಹಾಂತಿಯವರು ನಡೆಸಿದ ಸಂಶೋಧನೆಗಳೂ ಎರಡು ನುಡಿ ಬಲ್ಲ ಮಕ್ಕಳು ಬೌದ್ಧಿಕ ಪರೀಕ್ಷೆಗಳಲ್ಲಿ ಹಿಂದಲ್ಲ, ಮುಂದೆಯೇ ಇದ್ದಾರೆಂದು ತೋರಿಸಿದವು. ಮಗು ತನ್ನ ಬಲ್ಲ ಭಾಷೆಯ ಮೂಲಕವೇ ಓದನ್ನು ಆರಂಭಿಸುವುದು ಶ್ರೇಯಸ್ಕರವೆಂದು ಯುನೆಸ್ಕೊ ಸಂಸ್ಥೆ 1953ರಲ್ಲಿಯೇ ಸಾರಿದ್ದಿತು. ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದುವುದನ್ನು ಕಲಿತ ಮಗು ಆ ಶಕ್ತಿಯನ್ನು ಮತ್ತೊಂದು ಭಾಷೆಗೆ ಕೊಂಡೊಯ್ಯುತ್ತದೆ ಎಂಬುದು ಕೆನಡಾದ ಜಿಮ್ ಕಮಿನ್ಸ್ ಅವರು 1979ರಿಂದ ಪ್ರತಿಪಾದಿಸಿದ ತತ್ತ್ವ. ಮಗುವಿಗೆ ಬೇಗ ಇಂಗ್ಲಿಷ್ ಬರಲೆಂದು ಹಂಬಲಿಸುವ ತಂದೆತಾಯಿಗಳೂ ಇದನ್ನು ಮನನ ಮಾಡಬೇಕು. ಕನ್ನಡದಲ್ಲಿ ಗಟ್ಟಿಯಾದ ಓದು ಇಂಗ್ಲಿಷಿಗೆ ಅಡ್ಡಿಯಲ್ಲ, ಅಡಿಪಾಯ.

ತೆಲುಗು ಮನೆಮಾತಿನ ಮಕ್ಕಳಿರುವ ತರಗತಿಯಲ್ಲಿ ಶಿಕ್ಷಕರ ಕೈಯಲ್ಲಿ ಒಂದು ಸೇತುವೆ ಸಿದ್ಧವಾಗಿಯೇ ಇದೆ. ಎರಡೂ ಲಿಪಿಗಳು ಒಂದೇ ಮೂಲದವು, ರೂಪದಲ್ಲಿ ಅಕ್ಕತಂಗಿಯರಂತಿವೆ. ಕನ್ನಡದ ‘ಹಾಲು’ ತೆಲುಗಿನಲ್ಲಿ ‘ಪಾಲು’, ಕನ್ನಡದ ‘ಹುಲಿ’ ಅಲ್ಲಿ ‘ಪುಲಿ’, ‘ಹೂವು’ ಅಲ್ಲಿ ‘ಪುವ್ವು’. ಕನ್ನಡದ ‘ಹ’ ಅಲ್ಲಿ ‘ಪ’ ಆಗುವ ಈ ಕ್ರಮವನ್ನು ಆಟದಂತೆ ತೋರಿಸಿದರೆ, ಮಗು ತನ್ನ ಮನೆಮಾತಿನಿಂದಲೇ ಕನ್ನಡ ಪದಗಳನ್ನು ಊಹಿಸತೊಡಗುತ್ತದೆ. ಉರ್ದು ಮತ್ತು ಲಂಬಾಣಿ ಮಾತನಾಡುವ ಮಕ್ಕಳಿಗೆ ಇಷ್ಟು ಹತ್ತಿರದ ಸೇತುವೆ ಇಲ್ಲ. ಅವರಿಗೆ ಓದಿಸುವುದಕ್ಕೆ ಮುನ್ನ ಕನ್ನಡದಲ್ಲಿ ಮಾತನಾಡಲು, ಹಾಡಲು, ಕೇಳಲು ಸಾಕಷ್ಟು ಅವಕಾಶ ಕೊಡಬೇಕಾಗುತ್ತದೆ. ಕೇಳಿ ಅರಿಯದ ಮಾತನ್ನು ಓದಿ ಅರಿಯೆಂದರೆ ಮಗು ಎಲ್ಲಿಗೆ ಹೋಗಬೇಕು?

ಆಗಬೇಕಾದ ಕಾರ್ಯ

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2021ರಲ್ಲಿ ಆರಂಭವಾದ ‘ನಿಪುಣ ಭಾರತ’ ಕಾರ್ಯಕ್ರಮವು ಮೂರನೆಯ ತರಗತಿಯ ಅಂತ್ಯದೊಳಗೆ ಪ್ರತಿಯೊಂದು ಮಗುವೂ ಅರ್ಥಸಹಿತವಾಗಿ ಓದಬಲ್ಲುದಾಗಬೇಕೆಂದು, 2026-27ನೆಯ ಸಾಲನ್ನು ಗುರಿಯಾಗಿರಿಸಿಕೊಂಡಿತು. ಗುರಿ ಸ್ತುತ್ಯವಾದುದು. ಆದರೆ ಸರ್ಕಾರದ ಆಜ್ಞೆಯೊಂದರಿಂದಲೇ ಮಗುವಿಗೆ ಓದು ಬಾರದು.

ಶಿಕ್ಷಕರು ಮಾಡಬಹುದಾದ ಕೆಲಸಗಳಿಗೆ ಹೆಚ್ಚಿನ ವೆಚ್ಚವಿಲ್ಲ. ದಿನಕ್ಕೊಂದು ಕಥೆಯನ್ನು ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದು ಮೊದಲನೆಯದು. ಓದುವಾಗ ನಡುವೆ ನಿಲ್ಲಿಸಿ ‘ಮುಂದೇನಾದೀತು?’, ‘ಹಾಗೇಕೆ ಮಾಡಿದ?’ ಎಂದು ಕೇಳಿ ಮಗುವನ್ನೇ ಕಥೆ ಹೇಳುವವನನ್ನಾಗಿ ಮಾಡಿದರೆ ಅದರ ಭಾಷೆ ಶೀಘ್ರವಾಗಿ ಬೆಳೆಯುವುದೆಂದು ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಒತ್ತಕ್ಷರಗಳ ಅಭ್ಯಾಸವನ್ನು ಮೂರನೆಯ, ನಾಲ್ಕನೆಯ ತರಗತಿಗಳಲ್ಲಿ ನಾಚಿಕೆಯಿಲ್ಲದೆ ಮುಂದುವರಿಸುವುದು ಎರಡನೆಯದು. ನಾಟಿ ಮತ್ತು ಸುಗ್ಗಿಯ ಕಾಲದಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತು, ಹಲವು ದಿನಗಳ ಮೇಲೆ ಶಾಲೆಗೆ ಮರಳಿದ ಮಗುವನ್ನು ಗದರಿಸದೆ, ಅದು ಬಿಟ್ಟ ಅಕ್ಷರದಿಂದಲೇ ಮತ್ತೆ ಆರಂಭಿಸುವುದು ಮೂರನೆಯದು. ಮುಂದುವರಿದ ಮಗು ಹಿಂದುಳಿದ ಮಗುವಿಗೆ ಓದಿ ಹೇಳುವ ಹಳೆಯ ಕ್ರಮ ಬಳ್ಳಾರಿ ಸೀಮೆಯ ಶಾಲೆಗಳದೇ ಸೊತ್ತು. ಅದನ್ನು ಮರಳಿ ರೂಢಿಗೆ ತರುವುದು ನಾಲ್ಕನೆಯದು.

ಪೋಷಕರು ತಾವು ಓದುಬರಹ ಅರಿಯದವರಾದರೂ ಮಗುವಿಗೆ ಏನನ್ನೂ ಕೊಡಲಾರೆವೆಂದು ಕೊರಗಬೇಕಾಗಿಲ್ಲ. ಕಥೆ, ಒಗಟು, ಗಾದೆ, ಹಂತಿಯ ಪದ, ಸಂತೆಯ ಲೆಕ್ಕ ಇವೆಲ್ಲವೂ ಓದಿನ ಬುತ್ತಿಯೇ. ಮಗು ಶಾಲೆಯಿಂದ ತಂದ ಪುಸ್ತಕವನ್ನು ಓದಿಸಿ ಕೇಳುವ ಎರಡು ಕಿವಿಗಳು ಮನೆಯಲ್ಲಿದ್ದರೆ ಅದೇ ದೊಡ್ಡ ನೆರವು.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೆ ಕೊಠಡಿ ಕಟ್ಟಿಸಿದ್ದಾರೆ, ಬಾವಿ ತೋಡಿಸಿದ್ದಾರೆ, ಅನ್ನ ಇಕ್ಕಿದ್ದಾರೆ. ಇವೆಲ್ಲವೂ ಪುಣ್ಯಕಾರ್ಯಗಳೇ. ಇವುಗಳ ಸಾಲಿಗೆ ಎಳೆಯ ಮಕ್ಕಳ ಕೈಗೆ ಎಟುಕುವ ಕಥೆಪುಸ್ತಕಗಳ ಕಪಾಟೊಂದನ್ನು ಸೇರಿಸಬಹುದು. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳ ಹಳ್ಳಿಶಾಲೆಗಳಲ್ಲಿ ತರಗತಿಗೆ 250ರಂತೆ ಕಥೆಪುಸ್ತಕಗಳನ್ನು ಒದಗಿಸಿ, ಫಲವನ್ನು ಅಳೆದು ನೋಡಿದ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬವರು, ಆ ಮಕ್ಕಳು ಇತರ ಮಕ್ಕಳಿಗಿಂತ ಓದಿನಲ್ಲಿ ಬಹು ಬೇಗ ಮುಂದುವರಿದರೆಂದು 1983ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಪುಸ್ತಕಗಳಿಗೆ ಬರವಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಶಿಶು ಸಂಗಮೇಶರು ಮಕ್ಕಳಿಗಾಗಿ ಬರೆದ ಪರಂಪರೆಯಿದೆ. ನ್ಯಾಷನಲ್ ಬುಕ್ ಟ್ರಸ್ಟ್ ಸುಲಭ ಬೆಲೆಗೆ ಚಿತ್ರಪುಸ್ತಕಗಳನ್ನು ಕೊಡುತ್ತದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ‘ಸ್ಟೋರಿವೀವರ್’ ತಾಣದ ಮೂಲಕ ಕನ್ನಡ ಕಥೆಗಳನ್ನು ಉಚಿತವಾಗಿಯೇ ಒದಗಿಸಿದೆ. ಕಪಾಟಿಗೆ ಬೀಗ ಹಾಕದಿರುವ ಧೈರ್ಯವೊಂದು ಮಾತ್ರ ಶಾಲೆಗೆ ಬೇಕು. ಮಕ್ಕಳ ಕೈಯಲ್ಲಿ ಹರಿದ ಪುಸ್ತಕ ನಷ್ಟವಲ್ಲ, ಬೀಗದೊಳಗೆ ಹೊಸದಾಗಿಯೇ ಉಳಿದ ಪುಸ್ತಕವೇ ನಷ್ಟ.

ಅಕ್ಕಿಯ ಮೇಲೆ ಬರೆದ ಮೊದಲ ಅಕ್ಷರ ಕ್ಷಣಮಾತ್ರದಲ್ಲಿ ಅಳಿಸಿಹೋಗುತ್ತದೆ. ಅದು ಮಗುವಿನ ಮನಸ್ಸಿನಲ್ಲಿ ಅರ್ಥವಾಗಿ ಮೂಡಲು ನಾಲ್ಕೈದು ವರ್ಷಗಳ ತಾಳ್ಮೆ ಬೇಕು. ಭತ್ತದ ಸಸಿಯನ್ನು ಕಿತ್ತು ನೋಡಿ ಬೇರು ಬಿಟ್ಟಿದೆಯೆ ಎಂದು ಯಾವ ರೈತನೂ ಪರೀಕ್ಷಿಸುವುದಿಲ್ಲ. ಅವನು ನೀರು ಹಾಯಿಸುತ್ತಾನೆ, ಕಳೆ ತೆಗೆಯುತ್ತಾನೆ, ಕಾಯುತ್ತಾನೆ. ಎಳೆಯ ಮಗುವಿನ ಓದಿಗೂ ಅಷ್ಟೇ ಆರೈಕೆ, ಅಷ್ಟೇ ನಂಬಿಕೆ ದೊರೆತಲ್ಲಿ, ಬಳ್ಳಾರಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಕುರುಗೋಡಿನಲ್ಲಾಗಲಿ ‘ದಡ್ಡ’ ಎಂಬ ಹೆಸರನ್ನು ಹೊತ್ತು ಶಾಲೆಯ ಮೆಟ್ಟಿಲಿಳಿಯುವ ಮಗು ಇರಲಾರದು.